ಬಾಲದ ಸಂದು

ಎಲ್ಲರೂ ಮಲಗಿದ ಮೇಲೆ ಝುಂಯ್ ಎಂಬ ಸಣ್ಣ ಸದ್ದು ಶುರುವಾಯಿತು. ಮಗ್ಗುಲಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಛಾವಣಿ ಹಾರಿಹೋದರೂ ಏಳುವ ಆಸಾಮಿಯಲ್ಲ. ಸೊಸೆಯ ಕಿವಿ ಮಾತ್ರ ಇಲಿ ಮೀಸೆ ಅಲ್ಲಾಡಿಸಿದರೂ ನೆಟ್ಟಗಾಗುವಂಥದು. ಸೊಳ್ಳೆಯಿರಬೇಕು ಅಂದುಕೊಂಡಳು, ಫ್ರಿಜ್ ಇರಬೇಕು ಅಂದುಕೊಂಡಳು, ಕೊನೆಗೆ ತಡೆಯಲಾರದೆ ಎದ್ದುಬಂದಳು.

ಸದ್ದು ಊಟದ ಮೇಜಿನ ಮೇಲಿದ್ದ ಅತ್ತೆಯ ವಿಮಾನದ್ದು. ಅತ್ತೆ ಟೈಲರಿಂಗ್ ಅಂಗಡಿ ಮುಚ್ಚಿದ ಮೇಲೆ ರಿಮೋಟ್ ವಿಮಾನಗಳ ಹುಚ್ಚು ಹತ್ತಿಸಿಕೊಂಡವರು. ಹೋದ ತಿಂಗಳು ಒಂದು ವಿಮಾನ ಮೂಗು ಕೆಳಗಾಗಿ ನೆಲಕ್ಕೆ ಬಡಿದಾಗ ಮಗ, "ಸಾಕಮ್ಮಾ, ನಿಂಗೆ ಕೈ ನಡುಗುತ್ತೆ" ಅಂದಿದ್ದ. ಅತ್ತೆಗೆ ಚುರುಕ್ಕೆಂದಿತ್ತು. "ಇನ್ನೊಂದು ಬಿದ್ರೆ ರಿಮೋಟ್ ಮುಟ್ಟಲ್ಲ ಕಣೋ" ಎಂದು ಆಣೆ ಮಾಡಿಬಿಟ್ಟಿದ್ದರು. ಹೊಸ ವಿಮಾನದ ಮೊದಲ ಹಾರಾಟ ನಾಳೆ ಬೆಳಿಗ್ಗೆ.

ಸಂಜೆ ಅವರು ಬಾಲದ ಪಟ್ಟಿಯ ಸಂದಿಗೆ ಟೇಪು ಅಂಟಿಸಿದ್ದರು. ವಿಮಾನವನ್ನು ಏರಿಸಿ ಇಳಿಸುವುದೇ ಆ ಪಟ್ಟಿ. ಅದರ ಕೀಲಿನ ಸಂದಿನಲ್ಲಿ ಗಾಳಿ ನುಸುಳಿದರೆ ಹಿಡಿತ ಸಡಿಲ. ಆಮೇಲೆ ಸ್ವಿಚ್ ಆರಿಸುವುದನ್ನೇ ಮರೆತು ಮಲಗಿದ್ದರು. ಪಟ್ಟಿ ತಿರುಗಿಸುವ ಪುಟ್ಟ ಮೋಟರು ಏನನ್ನೋ ಎಳೆಯಲಾರದೆ ಮುಲುಗುತ್ತಿತ್ತು.

ಸೊಸೆ ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಆಡಿಸಿದಳು. ಪಟ್ಟಿ ಕೆಳಕ್ಕೆ ಬಾಗಿತು. ಮೇಲಕ್ಕೆ ಮಾತ್ರ ಕೂದಲೆಳೆಯಷ್ಟೂ ಏಳಲಿಲ್ಲ. ಅವಳು ಬಗ್ಗಿ ನೋಡಿದಳು. ಪಟ್ಟಿಯನ್ನು ನೇರವಾಗಿಟ್ಟೇ ಅಡಿಯಲ್ಲಿ ಟೇಪು ಬಿಗಿದಿದ್ದಾರೆ! "ಮೊದಲು ಪೂರ್ತಿ ಮೇಲಕ್ಕೆ ಬಗ್ಗಿಸಿ, ಸಂದು ಅಗಲ ಆಗ್ಲಿ, ಆಮೇಲೆ ಟೇಪು" ಎಂದು ವಿಮಾನ ಹಾರಿಸುವ ಕ್ಲಬ್ಬಿನವರಿಗೆಲ್ಲ ಪಾಠ ಹೇಳುವ ಅತ್ತೆ!

ಎಬ್ಬಿಸಿ ಹೇಳಿದರೆ? ಮಗನ ಮಾತೇ ನಿಜ ಎಂದು ಈಗಲೇ ರಿಮೋಟ್ ಕೆಳಗಿಡುತ್ತಾರೆ. ಸುಮ್ಮನಿದ್ದರೆ ನಾಳೆ ವಿಮಾನ ಬೀಳುತ್ತದೆ. ಅವಳು ಸ್ವಿಚ್ ಆರಿಸಿದಳು. ಉಗುರಿನಲ್ಲಿ ಟೇಪು ಕಿತ್ತಳು. ಪಟ್ಟಿಯನ್ನು ಪೂರ್ತಿ ಮೇಲಕ್ಕೆ ಬಗ್ಗಿಸಿ ಹಿಡಿದು, ಹೊಸ ಟೇಪನ್ನು ಅಂಟು ಹೊರಗಾಗುವಂತೆ ಉದ್ದಕ್ಕೆ ಮಡಿಸಿ, ಸ್ಕೇಲಿನ ಅಂಚಿನಿಂದ ಸಂದಿನೊಳಕ್ಕೆ ಒತ್ತಿದಳು. ಮತ್ತೆ ಸ್ವಿಚ್ ಹಾಕಿ ನೋಡಿದಳು. ಪಟ್ಟಿ ಮೇಲೂ ಕೆಳಗೂ ಬೆಣ್ಣೆಯಂತೆ ಆಡಿತು.

ಬೆಳಿಗ್ಗೆ ಮೈದಾನದಲ್ಲಿ ಕ್ಲಬ್ಬಿನ ಹಲ್ಲಿನ ಡಾಕ್ಟರು ಕಾಯುತ್ತಿದ್ದರು. "ಏನಮ್ಮಾ, ಇವತ್ತೂ ನೆಲ ಅಗೆಯೋ ಕಾರ್ಯಕ್ರಮಾನಾ?"

"ನೀವು ಮೇಲೆ ನೋಡ್ಬೇಡಿ ಡಾಕ್ಟ್ರೇ, ಕತ್ತು ಉಳುಕೀತು."

ವಿಮಾನ ಓಡಿತು, ಮೂಗೆತ್ತಿತು, ಹಾರಿಯೇಬಿಟ್ಟಿತು! ಬೀಸುಗಾಳಿಯಲ್ಲಿ ಅಡ್ಡ ಹೊರಳಿದಾಗ ಸೊಸೆ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅದು ಆಕಾಶದಲ್ಲಿ ಲಾಗ ಹಾಕುತ್ತಿತ್ತು. ಅತ್ತೆಯ ಹೆಬ್ಬೆರಳು ಒಮ್ಮೆಯೂ ನಡುಗಲಿಲ್ಲ. ಡಾಕ್ಟರು ಬಾಯಿ ತೆರೆದು ನಿಂತರು.

ಅತ್ತೆ ಪಕ್ಕದಲ್ಲಿದ್ದ ಮಗನತ್ತ ತಿರುಗಿದರು. "ನೋಡಿದ್ಯೇನೋ ಟೇಪಿನ ಕೆಲಸ? ನನ್ನ ಕೈಗೇನಾಗಿದೆ?"

"ತಪ್ಪಾಯ್ತಮ್ಮಾ, ನಂಗೂ ಕಲಿಸು" ಎಂದು ಮಗ ಕಿವಿ ಹಿಡಿದುಕೊಂಡ.

ಅತ್ತೆ ಸೊಸೆಯತ್ತ ಕಣ್ಣು ಹಾಯಿಸಿದರು. "ನೀನ್ಯಾಕೆ ತುಟಿ ಕಚ್ಕೊಂಡು ನಿಂತಿದೀಯೇ? ಏನಾದ್ರೂ ಹೇಳ್ಬೇಕಿತ್ತಾ?"

ಟೇಪು ಯಾರದ್ದಾದರೇನು, ಹಾರಿಸಿದ್ದು ಅತ್ತೆಯೇ. ಗಂಡನಿಗೂ ಸೇರಿ ಯಾರಿಗೂ ಇದನ್ನು ಹೇಳಕೂಡದು ಎಂದು ಅವಳು ಅಲ್ಲೇ ತೀರ್ಮಾನಿಸಿದಳು.

"ಏನಿಲ್ಲ ಅತ್ತೆ. ಇನ್ನೊಂದು ಲಾಗ ಹಾಕ್ಸಿ!"