ಉಮಾಳ ಎರಡು ಕಲ್ಲು

ದೋಣಿ ಅಂದಮೇಲೆ ತೇಲಬೇಕು, ಇದು ಲೋಕಕ್ಕೆಲ್ಲ ಗೊತ್ತಿರುವ ಮಾತು. ಲಕ್ಷ್ಮಿಕಾಂತನ ದೋಣಿ ಮುಳುಗಲೆಂದೇ ಮಾಡಿದ್ದು. ತಿಂಥಣಿಯ ಚಹಾದಂಗಡಿಯಲ್ಲಿ ಇದನ್ನು ಕೇಳಿ ನಗದವರೇ ಇಲ್ಲ.

"ಮುಳುಗಾಕ ದೋಣಿ ಯಾಕ ಬೇಕೋ ಶಾಣ್ಯಾ? ಕೊರಳಿಗಿ ಒಂದ್ ಕಲ್ಲು ಕಟ್ಟಿಕೊಂಡ್ರ ಆತು!" ಎಂದು ಹರಗೋಲು ಹಾಕುವ ಬಸವಂತ್ರಾಯ ಕೆಣಕಿದ್ದ. ಆಗ ಲಕ್ಷ್ಮಿಕಾಂತನೂ ನಕ್ಕಿದ್ದ. ಪಕ್ಕದಲ್ಲಿ ಉಮಾ ಇದ್ದಳು, ನಗು ಸಲೀಸಾಗಿ ಬರುತ್ತಿತ್ತು.

ದಾಂಡೇಲಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿಗಳ ಹಿಂದೆ ಕಾವಲಿಗೆ ಹೋಗುವ ಕೆಲಸವನ್ನು ಅವನು ಆರು ವರ್ಷ ಮಾಡಿದ್ದ. ಅಲ್ಲಿನ ಹಿರಿಯನೊಬ್ಬ ಈ ವಿದ್ಯೆ ಕಲಿಸಿದ್ದು. ಫೈಬರಿನ ದೋಣಿ, ಹಪ್ಪಳದಂತೆ ಚಪ್ಪಟೆ, ಒಳಗೆ ಗಾಳಿ ಇದ್ದೂ ಇಲ್ಲದ ಹಾಗೆ. ಹರಗೋಲಿನವರ ಹಾಗೆಯೇ ಮೊಣಕಾಲೂರಿ ಕೂತು ಒಂದೇ ಹುಟ್ಟು ಹಾಕಬೇಕು. ಓಡುವ ನೀರೂ ಬಂಡೆಗೆ ಬಡಿದು ತಿರುಗಿ ಬರುವ ನೀರೂ ಒಂದಕ್ಕೊಂದು ಉಜ್ಜುವ ಗೆರೆಯಿರುತ್ತದೆ ನೋಡಿ, ಆ ಗೆರೆಯ ಮೇಲೆ ಮೂತಿ ಒತ್ತಿ ಮೈ ಓರೆ ಮಾಡಿದರೆ ನದಿ ದೋಣಿಯನ್ನೂ ಮನುಷ್ಯನನ್ನೂ ಒಟ್ಟಿಗೆ ನುಂಗುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಐವತ್ತು ಮಾರು ಆಚೆ ಮತ್ತೆ ಏಳುತ್ತಾನೆ. ಇದೆಲ್ಲ ನಡೆಯಬೇಕಾದರೆ ದೋಣಿಯನ್ನು ಅವನೊಬ್ಬನ ತೂಕಕ್ಕೇ ಅಳೆದು ಮಾಡಿರಬೇಕು. ಅರವತ್ತೆರಡು ಕಿಲೋ. ಹೆಚ್ಚಾದರೆ ಏಳದು, ಕಡಿಮೆಯಾದರೆ ಇಳಿಯದು. ಇನ್ನೊಬ್ಬರಿಗೆ ಕೊಟ್ಟರೆ ಕೆಲಸಕ್ಕೇ ಬಾರದು.

ಅವನ ಓಣಿಯ ನಾಲ್ಕು ಅಂಬಿಗರ ಮನೆಗಳಲ್ಲಿ ಹಳೆಯದೊಂದು ಪದ್ಧತಿಯಿತ್ತು. ಸಿಕ್ಕಿಬಿದ್ದ ಬಲೆ ಬಿಡಿಸಲು ಯಾರಾದರೂ ಮುಳುಗಿದರೆ ಮನೆಯವರೊಬ್ಬರು ದಂಡೆಯಲ್ಲಿ ನಿಂತು ತಾವೂ ಉಸಿರು ಹಿಡಿಯಬೇಕು. ತಮ್ಮ ಉಸಿರು ಮುಗಿಯಿತೋ, ನೀರಿನೊಳಗೆ ಎರಡು ಕಲ್ಲು ತಾಕಿಸಬೇಕು. ನೀರಿನಲ್ಲಿ ಆ ಸದ್ದು ಬಹಳ ದೂರ ಹೋಗುತ್ತದೆ. ಸಾಕು, ಮೇಲೆ ಬಾ ಎಂದು ಅದರ ಅರ್ಥ. ಮದುವೆಯಾಗಿ ಬಂದ ಹೆಣ್ಣು ತನ್ನ ಜೋಡಿ ಕಲ್ಲನ್ನು ತಾನೇ ಆರಿಸಿಕೊಳ್ಳುತ್ತಾಳೆ. ಅವಳು ಸತ್ತ ಮೂರನೆಯ ದಿನ ಅವನ್ನು ಹೊಳೆಗೆ ಬಿಡುತ್ತಾರೆ. ಉಮಾ ಎರಡು ಸಲ ತಾಕಿಸಿ, ಕೊಂಚ ತಡೆದು, ಮತ್ತೊಂದು ಸಲ ತಾಕಿಸುತ್ತಿದ್ದಳು. ಟಕ್ ಟಕ್. ಟಕ್. ಹಸಿರು ಕತ್ತಲೆಯಲ್ಲಿ ತೇಲುತ್ತಿದ್ದವನಿಗೆ ಅದು ಕಿವಿಯಲ್ಲಲ್ಲ, ಹಲ್ಲಿನಲ್ಲಿ ಕೇಳಿಸುತ್ತಿತ್ತು.

ಹೋದ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಸೊಂಟದ ತನಕ ನೀರಿನಲ್ಲಿ ನಿಂತವಳು, "ಮೈ ಯಾಕೋ ಬಿಸಿ ಆಗೇತಿ" ಅಂದಳು. "ಇನ್ನೊಂದ್ ಸಲ ಮುಳುಗ್ತೀನಿ, ಆಮ್ಯಾಲ ಹೋಗೋಣು" ಅಂದ ಇವನು. ಆ ಇನ್ನೊಂದು ಸಲ ಇವತ್ತಿಗೂ ಅವನ ಗಂಟಲಿನಲ್ಲಿ ಮುಳ್ಳಾಗಿ ಕೂತಿದೆ. ಡೆಂಗಿ ಜ್ವರ. ಐದನೆಯ ದಿನ ಉಮಾ ಇರಲಿಲ್ಲ.

ತೀರಿಕೊಂಡ ಮೂರನೆಯ ದಿನ ಕಲ್ಲು ಬಿಡಬೇಕಾದಾಗ ಅವನು ಕಲ್ಲು ಸಿಗುತ್ತಿಲ್ಲ ಅಂದ. ಸುಳ್ಳು. ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ. ಉಮಾಳ ತಾಯಿ ಶೇಖಮ್ಮ ಅವನಿಗೆ ಅತ್ತೆಯಷ್ಟೇ ಅಲ್ಲ, ಅಪ್ಪನ ಸ್ವಂತ ತಂಗಿ, ಅವನನ್ನು ಎತ್ತಿ ಆಡಿಸಿದವಳು. ಅವಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ!

"ಜ್ವರದಾಗ ನನ್ನ ಮಗಳನ್ನ ನೀರಾಗ ನಿಂದ್ರಿಸಿದಿ. ಈಗ ಆಕಿ ಕಲ್ಲನೂ ಬಿಡವಲ್ಲಿ. ಆಕಿ ಇನ್ನಾ ದಂಡಿಮ್ಯಾಲೇ ನಿಂತಾಳೋ ಲಕ್ಷ್ಮ್ಯಾ, ನಿನ್ನ ಹಾದಿ ಕಾಯಕೋತ" ಅಂದಳು. ಅದೇ ಕಡೆಯ ಮಾತು. ಅವಳ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಹದಿನಾಲ್ಕು ತಿಂಗಳು ಆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಅವನು ಒಬ್ಬನೇ ಕೂತ. ಒಮ್ಮೆ ಉಂಡರೆ ಎರಡು ಸಲ ಬಿಟ್ಟ. ಮನೆಯಲ್ಲಿ ಅವನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಈ ಸಲ ಮಳೆ ಕಳೆದು ನಾರಾಯಣಪುರ ಅಣೆಕಟ್ಟಿನ ಗೇಟು ಒಂದೊಂದೇ ಇಳಿಸಿದ ಮೇಲೆ, ಹೊಳೆ ಬಂಡೆಗಳ ನಡುವೆ ಹದಕ್ಕೆ ಬಂದಿತ್ತು. ಅವನು ದೋಣಿ ಹೊತ್ತು ಹೋದ. ಮೂತಿ ಒತ್ತಿದ, ಮೈ ಓರೆ ಮಾಡಿದ. ದೋಣಿ ಮುಳುಗಲಿಲ್ಲ. ಮತ್ತೆ ಒತ್ತಿದ. ನದಿ ಅವನನ್ನು ಎಂಜಲಿನ ಹಾಗೆ ಉಗುಳಿತು. ಸಿಟ್ಟು ಬಂದು ರೇಷನ್ ಅಂಗಡಿಯ ಕಾಟಾದ ಮೇಲೆ ನಿಂತು ನೋಡಿದರೆ ಐವತ್ಮೂರು. ಒಂಬತ್ತು ಕಿಲೋ ಲಕ್ಷ್ಮಿಕಾಂತ ಎಲ್ಲಿ ಹೋದನೋ ಯಾರಿಗೆ ಗೊತ್ತು.

ಮರುದಿನ ಮಧ್ಯಾಹ್ನ ದೋಣಿ ಹೊತ್ತು, ಒಂದು ಚೀಲ, ಒಂದು ಹಗ್ಗ ಹಿಡಿದು ಹೊಳೆಗಿಳಿದ. ದಂಡೆಯ ಕಲ್ಲುಗಳನ್ನು ಆರಿಸಿ ಚೀಲಕ್ಕೆ ತುಂಬಿದ. ಕಡೆಗೆ ಉಮಾಳ ಎರಡು ಕಲ್ಲನ್ನೂ ಅದರಲ್ಲೇ ಇಟ್ಟು ಸೊಂಟಕ್ಕೆ ಬಿಗಿದ. ಎಳೆದರೆ ಬಿಚ್ಚುವ ಗಂಟು ಹಾಕಬೇಕಿತ್ತು, ದಾಂಡೇಲಿಯಲ್ಲಿ ಅದನ್ನು ನೂರು ಜನಕ್ಕೆ ಅವನೇ ಕಲಿಸಿದ್ದ. ಕೈ ಮಾತ್ರ ಅಪ್ಪ ಕಲಿಸಿದ್ದನ್ನೇ ಮಾಡಿತು. ಬಲೆಗೆ ಭಾರ ಕಟ್ಟುವ ಗಂಟು ಬಿತ್ತು, ನೀರು ಕುಡಿದಷ್ಟೂ ಬಿಗಿಯುವಂಥದ್ದು.

ಸಾಯಲೆಂದು ಹೋದನೇ? ಇಲ್ಲ. ಕೆಳಗೆ ಹೋಗಿ ನಿಂತರೆ ಆ ಸದ್ದು ಇನ್ನೊಮ್ಮೆ ಕೇಳಿಸೀತು ಎಂಬ ಆಸೆ. ಹುಚ್ಚು ಆಸೆ, ಅವನಿಗೂ ಗೊತ್ತಿತ್ತು. ದಂಡೆಯಲ್ಲಿ ಯಾರೂ ಇಲ್ಲದೆ ಆ ಓಣಿಯವರು ಯಾರೂ ಮುಳುಗಿದ್ದಿಲ್ಲ. ಅವನು ಮುಳುಗಿದ.

ಈ ಸಲ ನದಿ ಸರಾಗವಾಗಿ ಒಳಗೆ ಕರೆದುಕೊಂಡಿತು. ಮೇಲಿನ ಗದ್ದಲ ನಿಂತಿತು. ಹಸಿರು ಬೆಳಕು, ಆಮೇಲೆ ಹಸಿರು ಕತ್ತಲೆ. ಅವನು ಹುಟ್ಟನ್ನು ಎದೆಗವಚಿಕೊಂಡು ಕಾದ. ಹಲ್ಲು ಕಚ್ಚಿ ಕಾದ. ಒಂದೂ ಸದ್ದಿಲ್ಲ. ಉಮಾ ಇಲ್ಲ ಎನ್ನುವುದು ಸುಡುಗಾಡಿನಲ್ಲೂ ಅವನಿಗೆ ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಉಸಿರು ತೀರುತ್ತ ಬಂತು. ಹುಟ್ಟು ಒತ್ತಿದ. ದೋಣಿ ಏಳಲಿಲ್ಲ. ಒಂಬತ್ತು ಕಿಲೋ ಎಂದು ಕೈಯಂದಾಜಿನಲ್ಲಿ ತುಂಬಿದ್ದು ಹೆಚ್ಚಾಗಿತ್ತು. ಗಂಟಿಗೆ ಕೈ ಹಾಕಿದ, ಅದು ಕಲ್ಲಾಗಿತ್ತು. ದಾಂಡೇಲಿಯ ದಿನಗಳಿಂದ ತೊಡುತ್ತಿದ್ದ ಜಾಕೀಟಿನ ಎದೆಯ ಮೇಲೆ ಚಾಕು ಇತ್ತು. ಹಿರಿದು ಹಗ್ಗಕ್ಕೆ ಇಟ್ಟ. ಆಗ ನೆನಪಾಯಿತು, ಚೀಲದಲ್ಲಿ ಅವಳ ಕಲ್ಲು. ಕೊಯ್ದರೆ ಅವೂ ಹೋದವು. ಕೈ ಅಲ್ಲೇ ನಿಂತಿತು.

ಟಣ್ ಟಣ್ ಟಣ್ ಟಣ್ ಟಣ್.

ಹಲ್ಲು ಜುಮ್ಮೆಂದಿತು. ಕಲ್ಲಿನ ಸದ್ದಲ್ಲ ಇದು. ತಡೆಯೂ ಇಲ್ಲ, ತಾಳವೂ ಇಲ್ಲ. ಯಾರೋ ಸಿಟ್ಟಿನಿಂದ ಚಚ್ಚುತ್ತಿದ್ದಾರೆ. ಉಮಾ ಅಲ್ಲ, ಖಂಡಿತ ಅಲ್ಲ. ಆದರೂ ಯಾರೋ ಅವನನ್ನೇ ಕರೆಯುತ್ತಿದ್ದರು. ಅವನು ಹಗ್ಗ ಕೊಯ್ದ.

ಕೆಮ್ಮುತ್ತ ದಂಡೆಗೆ ಬಿದ್ದಾಗ ಶೇಖಮ್ಮ ಎದೆಮಟ್ಟ ನೀರಿನಲ್ಲಿ ನಿಂತು ಬುತ್ತಿಯ ಸ್ಟೀಲ್ ಡಬ್ಬಿಯನ್ನು ನೀರಿನೊಳಗಿನ ಬಂಡೆಗೆ ಇನ್ನೂ ಬಡಿಯುತ್ತಲೇ ಇದ್ದಳು. ಅವನನ್ನು ಕಂಡು ಕೈ ನಿಲ್ಲಿಸಿ ಒಂದೇ ಸಲಕ್ಕೆ ಉಸಿರೆಳೆದಳು. ಅಷ್ಟು ಹೊತ್ತೂ ಹಿಡಿದೇ ಇದ್ದಳು, ಮುದುಕಿ.

"ಅತ್ತೀ, ನೀ ಯಾವಾಗ ಬಂದಿ?"

"ಹೊಲಕ್ಕ ಬುತ್ತಿ ಒಯ್ಯಾಕತ್ತಿದ್ದೆ. ನೀ ಹಗ್ಗಾ ಹಿಡಕೊಂಡು ಹೊಳಿ ಕಡಿ ಹೋಗೂದು ಕಂಡೆ. ನನ್ನ ಎದಿ ಧಸಕ್ಕಂತು. ನಿನ್ನ ಬಾಯಾಗ ಮಣ್ಣ ಹಾಕ್ಲಿ, ಒಬ್ಬಾಂವ ಮುಳುಗ್ತಾರೇನೋ ಹುಚ್ಚಪ್ಯಾಲಿ? ಗ್ವಾಡಿ ಬಡಿದಿದ್ರ ನಾ ಬರ್ತಿದ್ದಿಲ್ಲೇನು?"

ಶೇಖಮ್ಮ ಅವನ ಸೊಂಟದಲ್ಲಿ ತೂಗುತ್ತಿದ್ದ ಕೊಯ್ದ ಹಗ್ಗ ನೋಡಿದಳು.

"ಅದಕ್ಕ ಏನು ಕಟ್ಟಿದ್ದಿ?"

"ಕಲ್ಲು."

"ಯಾವ ಕಲ್ಲು?"

ಅವನು ಹೊಳೆಯ ಕಡೆ ನೋಡಿದ. ಶೇಖಮ್ಮನೂ ನೋಡಿದಳು. ತಿಳಿಯಿತು ಅವಳಿಗೆ. ಹದಿನಾಲ್ಕು ತಿಂಗಳು ಅವನ ಎದುರು ತಡೆದು ಹಿಡಿದ ಅಳು ಆಗ ಬಂತು. ಸೆರಗು ಬಾಯಿಗೊತ್ತಿಕೊಂಡು, "ಹೋಗವಾ ಉಮಾ, ಹೋಗಿ ಬಾ. ಇನ್ನ ನಿಂದ್ರಬ್ಯಾಡ" ಎಂದಳು. ಲಕ್ಷ್ಮಿಕಾಂತ ಮೊಣಕಾಲಲ್ಲಿ ಮುಖ ಇಟ್ಟು ಗೋಳೋ ಎಂದು ಅತ್ತ.

ಬಹಳ ಹೊತ್ತಿನ ಮೇಲೆ ಅವಳು ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. "ಉಣ್ಣು. ಹೆಣದಂಗ ಆಗೀದಿ."

ಡಬ್ಬಿ ಸೊಟ್ಟಗಾಗಿತ್ತು, ಮುಚ್ಚಳ ಕಚ್ಚಿಕೊಂಡಿತ್ತು. ಅವನು ಎಳೆದ, ಅವಳು ಎಳೆದಳು, ಬರಲಿಲ್ಲ. ಶೇಖಮ್ಮ ದಂಡೆಯಲ್ಲಿ ಅತ್ತಿತ್ತ ನೋಡಿ, ಕೈಗೆ ಹೊಂದುವ ಒಂದು ಕಲ್ಲು ಆರಿಸಿಕೊಂಡಳು. ಮುಚ್ಚಳ ಬಡಿದು ತೆಗೆದಳು. ರೊಟ್ಟಿ ಒದ್ದೆಯಾಗಿತ್ತು, ಇಬ್ಬರೂ ಉಂಡರು. ಮನೆಗೆ ಹೊರಟಾಗ ಅವಳು ಆ ಕಲ್ಲನ್ನು ಎಸೆಯಲಿಲ್ಲ. ಅದಕ್ಕೊಂದು ಜೋಡಿ ಹುಡುಕಿ, ಎರಡನ್ನೂ ಸೆರಗಿಗೆ ಕಟ್ಟಿಕೊಂಡಳು.