ಎಡ ಹುಬ್ಬು

ಟೊಮೊಏ ಒದ್ದೆ ಹತ್ತಿಯಿಂದ ತಮ್ಮನ ಎರಡೂ ಹುಬ್ಬುಗಳನ್ನು ಒರೆಸಿ ತೆಗೆದಳು. ಶವಕ್ಕೆ ಅಲಂಕಾರ ಮಾಡಿದ್ದ ಹೆಂಗಸು ಗಾಬರಿಯಿಂದ ಹಿಂದೆ ಸರಿದಳು. ಪೆಟ್ಟಿಗೆಯೊಳಗಿನ ಕುನಿಹಿಕೊನ ಮುಖ ಈಗ ಸುಲಿದ ಮೊಟ್ಟೆಯ ಹಾಗಿತ್ತು.

"ನೀವು ಬರ್ದಿದ್ದು ಯಾರದೋ ಹುಬ್ಬು. ಇವನದ್ದೇನಾಯ್ತು?"

"ಬಂದಾಗ್ಲೇ ಇರ್ಲಿಲ್ಲಮ್ಮ. ಅದಕ್ಕೇ ಬರ್ದೆ."

ಬಾಗಿಲ ಬಳಿ ಶಿಗೆಅಕಿ ನಿಂತಿದ್ದ. ಕುನಿಹಿಕೊ ಹಾಡುತ್ತಿದ್ದ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು, ಈಗ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾನೆ. ಸಾವಿನ ಸುದ್ದಿ ಬಂದಾಗಿನಿಂದ ಅವನಿಗೆ ಏನೂ ಅನ್ನಿಸಿರಲಿಲ್ಲ. ಅಳು ಬರಬೇಕಿತ್ತು, ಬಂದಿರಲಿಲ್ಲ, ಅಷ್ಟೆ.

"ಅಕ್ಕ, ಬ್ಯಾಂಡಿನ ಕಾಲದಲ್ಲಿ ಬೋಳಿಸಿದ್ದು. ಮತ್ತೆ ಬೆಳೀಲಿಲ್ಲ ಅಂತ ಕಾಣತ್ತೆ. ಬರ್ಕೊಳ್ತಿದ್ನೇನೋ."

"ಇಷ್ಟು ವರ್ಷ ನನ್ನ ಮನೇಲೇ ಇದ್ದ. ಸೂಪರ್ ಮಾರ್ಕೆಟ್ಟಲ್ಲಿ ಮೀನು ಕೊಯ್ಯೋಕೆ ಹೋಗೋನಿಗೆ ಬಚ್ಚಲಲ್ಲಿ ಅಷ್ಟೊತ್ತು ಏನು ಕೆಲ್ಸ ಅಂತ ದಿನಾ ಬೈತಿದ್ದೆ." ಟೊಮೊಏ ತಮ್ಮನ ಸಾಮಾನಿನ ಚೀಲವನ್ನು ಶಿಗೆಅಕಿಯ ಕೈಗೆ ತುರುಕಿದಳು. "ನೀನೇ ಬರಿ. ಪೆಟ್ಟಿಗೆ ಮುಚ್ಚೋಕೆ ಬರ್ತಿದಾರೆ. ಯಾರದೋ ಮುಖ ಇಟ್ಕೊಂಡು ಹೋಗೋದು ಬೇಡ ಅವನು."

"ನನಗೆ ಸ್ಟೇಜಿಂದು ಮಾತ್ರ ಗೊತ್ತು."

"ಸ್ಟೇಜಿನವನು ನನಗೆ ಬೇಡ. ನನ್ ತಮ್ಮ ಬೇಕು."

*

ಗಂಡಸರು ತುಟಿಗೆ ಬಣ್ಣ ಬಳಿದು, ಕೂದಲು ನೆಟ್ಟಗೆ ನಿಲ್ಲಿಸಿ ಹಾಡುವ ಬ್ಯಾಂಡುಗಳಿಗೆ ಆಗ ಸುಗ್ಗಿಯೋ ಸುಗ್ಗಿ. ಇವರ ಬ್ಯಾಂಡಿನ ಹೆಸರು 'ಹೈಬಾರಾ', ಅಂದರೆ ಬೂದಿ ಬಣ್ಣದ ಗುಲಾಬಿ. ಊಟ, ನಿದ್ದೆ, ಸಿಂಗಾರ ಎಲ್ಲವೂ ಒಂದು ಹಳೇ ವ್ಯಾನಿನಲ್ಲಿ. ನೀಗಾತಾಕ್ಕೆ ಹೋಗುವ ದಾರಿಯಲ್ಲಿ ಶಿಗೆಅಕಿ ಗೆಳೆಯನ ಹುಬ್ಬು ಬೋಳಿಸಿ ಹೊಸದು ಬರೆಯುತ್ತಿದ್ದಾಗ ವ್ಯಾನು ಕುಲುಕಿತು. ಎಡಗಡೆಯದು ಮೇಲಕ್ಕೆ ಹಾರಿತು.

"ಥತ್, ಕೆಟ್ಟೋಯ್ತು. ತಾಳು, ಒರೆಸ್ತೀನಿ."

ಕುನಿಹಿಕೊ ಕನ್ನಡಿ ನೋಡಿಕೊಂಡ. "ಬಿಡೋ ಮಾರಾಯ. ಯಾರನ್ನೂ ನಂಬದೋನ ಥರ ಕಾಣ್ತೀನಿ. ಇನ್ಮೇಲೆ ಹೀಗೇ ಬರಿ."

ಹುಡುಗಿಯರು ಆ ಹುಬ್ಬಿಗೇ ಮರುಳಾದರು. ಒಂದು ಸಲ ಟೋಕಿಯೊದ ದೊಡ್ಡ ಸಭಾಂಗಣವೂ ತುಂಬಿತು. ಆಮೇಲೆ ಗಾಳಿ ತಿರುಗಿತು, ಕಂಪನಿ ಕೈಬಿಟ್ಟಿತು. ಕೊನೆಯ ಕಾರ್ಯಕ್ರಮಕ್ಕೆ ಬಂದವರು ಎರಡು ಸಾಲಿಗೂ ಸಾಲಲಿಲ್ಲ. ಮುಖ ತೊಳೆದುಕೊಂಡು ಇಬ್ಬರೂ ಬೇರೆ ಬೇರೆ ರೈಲು ಹತ್ತಿದರು, ಮತ್ತೆ ಭೇಟಿಯಾಗಲಿಲ್ಲ.

*

ಚೀಲದಲ್ಲಿ ಕ್ಷೌರದ ಸಾಮಾನಿನ ನಡುವೆ ಸವೆದು ಮೋಟಾದ, ತಗಡಿನ ಮುಚ್ಚಳದ ಹುಬ್ಬಿನ ಪೆನ್ಸಿಲ್ ಇತ್ತು. ಶಿಗೆಅಕಿ ಗೆಳೆಯನ ಹಣೆಯ ಮೇಲೆ ಕೈಯೂರಿದ. ಐಸಿನಷ್ಟು ತಣ್ಣಗಿತ್ತು. ಯಾವ ಹುಬ್ಬು ಬರೆಯುವುದೋ ತಿಳಿಯದೆ ತಲೆ ಎತ್ತಿ, ಹೂಗಳ ನಡುವೆ ಇಟ್ಟಿದ್ದ ಫೋಟೋ ನೋಡಿದ. ಸೂಪರ್ ಮಾರ್ಕೆಟ್ಟಿನ ಗುರುತುಚೀಟಿಯಿಂದ ತೆಗೆದು ದೊಡ್ಡದು ಮಾಡಿಸಿದ್ದು. ಬಿಳಿ ಟೋಪಿ, ಗಲ್ಲ ಜೋತ ಮುಖ, ಸಾಧಾರಣ ಹುಬ್ಬು. ಎಡಗಡೆಯದು ಮಾತ್ರ ಕೂದಲೆಳೆಯಷ್ಟು ಮೇಲೆ.

ಅವನು ಬರೆದ. ಎಡಗಡೆ ಬಂದಾಗ ಮಣಿಕಟ್ಟನ್ನು ತುಸು ಕುಲುಕಿದ.

ಟೊಮೊಏ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇವನೇ. ಹುಟ್ಟಿದಾಗಿಂದ ಎಡಗಡೇದು ಹೀಗೇ ಮೇಲೆ. ನಮ್ಮಪ್ಪಂದೂ ಹೀಗೇ ಇತ್ತು."

"ಹೌದಕ್ಕ," ಎಂದ ಶಿಗೆಅಕಿ.

ಅವನು ಪೆನ್ಸಿಲನ್ನು ಪೆಟ್ಟಿಗೆಯೊಳಗಿನ ಸೇವಂತಿಗೆಗಳ ನಡುವೆ ಇಡಲು ಹೋದಾಗ ಅಲಂಕಾರದ ಹೆಂಗಸು ಮೆಲ್ಲಗೆ ಹೇಳಿದಳು. "ಪೆಟ್ಟಿಗೆ ಸಮೇತ ಸುಡ್ತಾರೆ, ತಗಡು ಸುಡಲ್ಲ, ಅದನ್ನ ಹಾಕೋ ಹಾಗಿಲ್ಲ." ಅವನು ತಗಡಿನ ಮುಚ್ಚಳ ಕಿತ್ತು ಜೇಬಿಗೆ ಹಾಕಿಕೊಂಡು, ಮೋಟುಪೆನ್ಸಿಲನ್ನು ಒಳಗಿಟ್ಟ.

ಎಲ್ಲ ಮುಗಿಸಿ ಸಂಜೆ ಮನೆಗೆ ಬಂದವನು, ಸಾವಿನ ಮೈಲಿಗೆ ಕಳೆಯಲು ಅಲ್ಲಿ ಕೊಟ್ಟಿದ್ದ ಉಪ್ಪಿನ ಪೊಟ್ಟಣಕ್ಕೆಂದು ಬಾಗಿಲಲ್ಲೇ ನಿಂತು ಜೇಬು ತಡಕಿದ. ಮುಚ್ಚಳ ಕಿರುಬೆರಳಿಗೆ ಸಿಕ್ಕಿಕೊಂಡು ಬಂತು. ಬೆರಳು ಬಿಡಿಸಿಕೊಂಡಾಗ ತುದಿ ಕಪ್ಪಾಗಿತ್ತು. ಅದನ್ನು ಕೋಟಿಗೆ ಒರೆಸಿಕೊಳ್ಳಲು ಹೋದವನು ನಿಂತ. ಬಾಗಿಲ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, ಆ ಬೆರಳನ್ನು ಎಡ ಹುಬ್ಬಿನ ಮೇಲೆ, ಕೂದಲೆಳೆಯಷ್ಟು ಎತ್ತರಕ್ಕೆ, ಒತ್ತಿ ಹಿಡಿದ.