ಸೊನ್ನೆಯ ಕಿಟಕಿ

ಬೆಳಕಿನ ಎರಡು ಚೌಕ, ಒಂದು ಅವನ ಮೊಣಕಾಲ ಮೇಲೆ, ಇನ್ನೊಂದು ಗೋಡೆಗೆ ಒರಗಿಸಿಟ್ಟ ಏಳರ ತಗಡಿನ ಮೇಲೆ — ಪಾಪ, ಏಳಕ್ಕೆ ಯಾವತ್ತೂ ಕೆಲಸ ಬಿದ್ದಿಲ್ಲ, ಬಳಿದ ಬಿಳಿ ಬಣ್ಣ ಇನ್ನೂ ಹಾಗೇ ಹೊಳೆಯುತ್ತಿದೆ, ಯಾವ ಪುಣ್ಯಾತ್ಮರು ಏಳು ಗೋಲು ಹೊಡೆಯುತ್ತಾರೆ, ಆದರೂ ಇರಲಿ ಎಂದು ಬರೆದಿಟ್ಟವನು ಅವನೇ, ಒಂದರಿಂದ ಒಂಬತ್ತರವರೆಗೆ, ನಮ್ಮವರಿಗೊಂದು ಸಾಲು, ಅವರಿಗೊಂದು ಸಾಲು, ವಾರವಿಡೀ ಅಂಗಡಿಗಳಿಗೆ ಬೋರ್ಡು ಬರೆಯುವ ಕೈ, ಹಲ್ಲಿನ ಡಾಕ್ಟರು, ಹೊಲಿಗೆ ಯಂತ್ರ ರಿಪೇರಿ, ನಾಯಿ ಇದೆ ಎಚ್ಚರಿಕೆ, ಆದರೆ ಮನಸ್ಸಿಟ್ಟು ಬರೆದದ್ದು ಈ ಅಂಕಿಗಳನ್ನೇ, ಎರಡರ ಕೊರಳು ಎಷ್ಟು ಬಾಗಬೇಕು ಎಂದು ಮೂರು ದಿನ ತಲೆ ಕೆಡಿಸಿಕೊಂಡಿದ್ದ — ಸೊನ್ನೆಯನ್ನು ಮಾತ್ರ ಬರೆಯಲಿಲ್ಲ, ಈ ಸ್ಕೋರ್ ಬೋರ್ಡಿನಲ್ಲಿ ಸೊನ್ನೆಗೆ ತಗಡಿಲ್ಲ, ಸೊನ್ನೆ ಎಂದರೆ ಖಾಲಿ ಕಿಟಕಿ, ಗೋಲು ಆಗುವವರೆಗೂ ಅದು ತೆರೆದೇ ಇರುತ್ತದೆ, ಬೋರ್ಡಿನ ಹಿಂದಿನ ಈ ಮರದ ಗೂಡಿನಲ್ಲಿ ಸ್ಟೂಲ್ ಹಾಕಿಕೊಂಡು ಅವನು ಆ ಕಿಟಕಿಯಿಂದಲೇ ಆಟ ನೋಡುತ್ತಾನೆ, ಬಲಗೈಗೆ ನಮ್ಮವರ ಕಿಟಕಿ, ಎಡಗೈಗೆ ಅವರದು, ಅವರು ಗೋಲು ಹೊಡೆದರೆ ಎಡಗಡೆಯದು ಮುಚ್ಚುತ್ತದೆ, ನಮ್ಮವರು ಹೊಡೆದರೆ ಬಲಗಡೆಯದು, ಎರಡೂ ಕಡೆ ಗೋಲಾದರೆ ಮುಗಿಯಿತು, ಕತ್ತಲೆ, ಆಮೇಲೆ ಆಟವೆಲ್ಲ ಕಿವಿಯಲ್ಲಿ. ಏನೂ ಆಗದಿರುವಾಗ ಎಲ್ಲ ಕಾಣುತ್ತದೆ, ಏನಾದರೂ ಆದರೆ ಕಾಣುವುದಿಲ್ಲ, ಒಮ್ಮೆ ಮಾವನ ಹತ್ತಿರ ಹೀಗಂದಾಗ ಅವರು ನಕ್ಕುಬಿಟ್ಟಿದ್ದರು, ಮಾವ ಲೆಕ್ಕದ ಮೇಷ್ಟ್ರು, ಮೂವತ್ತೈದು ವರ್ಷ ಮಕ್ಕಳ ಕಿವಿ ಹಿಂಡಿದವರು, ಅದಕ್ಕೇ ಕಣ್ರೀ ಸೊನ್ನೆಗೆ ಮರ್ಯಾದೆ ಕೊಡ್ರೋ ಅಂತ ಮಕ್ಕಳಿಗೆ ಬಡ್ಕೊಳ್ತಿದ್ದೆ, ಯಾರು ಕೇಳಿದ್ರು.

ಹಳದಿ ಅಂಗಿಗಳು ಓಡುತ್ತಿವೆ, ಹುಲ್ಲಿನ ಮೇಲೆ ಅವರ ನೆರಳುಗಳು ಅವರಿಗಿಂತ ಉದ್ದ, ನಿಧಾನ, ನೀರಿನೊಳಗೆ ಆಡುತ್ತಿರುವ ಹಾಗೆ — ನಮ್ಮವರು. ಈ ಮಾತಿನಿಂದ ಮನೆಯಲ್ಲಿ ಎಷ್ಟು ಫಜೀತಿ, ನಮ್ಮೋರು ನಿನ್ನೆ ತುಂಬಾ ಹೊಡೆತ ತಿಂದ್ರು ಅಂತ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದಕ್ಕೆ ಪಕ್ಕದ ಮನೆಯಾಕೆ ಗಾಬರಿಯಾಗಿ ಔಷಧಿ ಡಬ್ಬಿ ಹಿಡಿದು ಓಡಿ ಬಂದಿದ್ದಳು, ಅವನು ಬಾಗಿಲಲ್ಲಿ ನಿಂತು ಆರಾಮಾಗಿ ಹಲ್ಲುಜ್ಜುತ್ತಿದ್ದ. ಯಾರು ಈ ನಮ್ಮವರು, ಆ ಹತ್ತನೇ ನಂಬರಿನವನು ಇವನು ಈ ಗೂಡು ಹೊಕ್ಕಾಗ ಹುಟ್ಟಿಯೇ ಇರಲಿಲ್ಲ, ಗೋಲ್‌ಕೀಪರ್ ಹೋದ ವರ್ಷ ಬಂದವನು, ಮುಂದಿನ ವರ್ಷ ಇರುತ್ತಾನೋ ಇಲ್ಲವೋ, ಅವರಲ್ಲಿ ಒಬ್ಬನಿಗೂ ಇವನ ಮುಖ ಗೊತ್ತಿಲ್ಲ, ಬೋರ್ಡಿನ ಹಿಂದೆ ಒಂದು ಕೈ ಇದೆ ಎಂದಷ್ಟೇ ಗೊತ್ತು, ಆದರೂ ಅವರಲ್ಲಿ ಯಾರಾದರೂ ಕುಂಟಿದರೆ ಇವನ ಕಾಲು ನೋಯುತ್ತದೆ, ಪ್ರೀತಿಯಲ್ಲದೆ ಮತ್ತೇನು ಇದು, ಹೇಳಿಕೊಳ್ಳುವುದಕ್ಕೆ ನಾಚಿಕೆ ಅಷ್ಟೆ. ಇವತ್ತು ಗೆದ್ದರೆ ನಮ್ಮವರು ಮೇಲಿನ ದರ್ಜೆಗೆ ಹೋಗುತ್ತಾರೆ, ಡ್ರಾ ಆದರೆ ಇಲ್ಲ, ಗೆಲ್ಲಲೇಬೇಕು, ಈ ಬಾಗಿಲ ತನಕ ಬಂದದ್ದೇ ಇಪ್ಪತ್ತಾರು ವರ್ಷದ ಮೇಲೆ, ಮತ್ತೆ ಇಪ್ಪತ್ತಾರು ವರ್ಷ ಕಾಯಬಹುದು, ಅವನು ಕಾದಾನು, ಮಾವ ಕಾಯಲಾರರು, ಅವರಿಗೆ ಎಂಬತ್ತಾರು. ಎದುರಿನ ಗ್ಯಾಲರಿಯಲ್ಲಿ ಮೇಲಿನಿಂದ ಮೂರನೇ ಸಾಲು, ಕಂಬದ ಪಕ್ಕ, ಅಗೋ ಹೆಂಡತಿಯ ಹಳದಿ ಮಫ್ಲರ್, ಅದರ ಪಕ್ಕದ ಬಿಳಿ ತಲೆ, ಆ ಬಿಳಿ ತಲೆಯ ತೊಡೆಯ ಮೇಲೆ ಬಟ್ಟೆಯ ಚೀಲ, ಇಷ್ಟು ದೂರದಿಂದ ಚೀಲ ಕಾಣುವುದಿಲ್ಲ, ಆದರೂ ಇದೆ, ಅದರೊಳಗೆ ಬೂಟು ಇದೆ.

ಒಂದೇ ಬೂಟು, ಎಡಗಾಲಿನದು. ಅದರ ಜೊತೆಯದು ಹೋದದ್ದು ಅವನ ಕೈಯಿಂದ, ಅಂದರೆ ಅವನ ಕೈ ಮಾಡಿದ ತಪ್ಪಿನಿಂದ — ಇಪ್ಪತ್ತಾರು ವರ್ಷದ ಹಿಂದಿನ ಆ ದಿನವೂ ಹೀಗೇ ಬಿಸಿಲು, ಹೀಗೇ ಎರಡು ಚೌಕ, ಸೊನ್ನೆ ಸೊನ್ನೆ, ಇನ್ನು ಎರಡು ನಿಮಿಷ, ಒಂದು ಗೋಲು ಬಂದರೆ ಮೇಲಿನ ದರ್ಜೆ, ಚೆಂಡು ಕಂಬದ ಒಳಮೈಗೆ ಬಡಿಯಿತು, ಗೋಲ್‌ಕೀಪರ್ ಬಲೆಯೊಳಗೆ ಬಿದ್ದ, ಬಲೆ ಅಲ್ಲಾಡಿತು, ಸಾಕು, ಇವನ ಕೈ ಒಂದನ್ನು ಎತ್ತಿ ಕೊಕ್ಕೆಗೆ ಹಾಕಿಯೇಬಿಟ್ಟಿತು, ಬಲಗಡೆಯ ಕಿಟಕಿ ಮುಚ್ಚಿತು, ಎಡಗಡೆಯದಕ್ಕೆ ಜಿಗಿದು ನೋಡಿದರೆ ಎದುರಿನ ಗ್ಯಾಲರಿಯೇ ಎದ್ದು ನಿಂತಿದೆ, ಎಲ್ಲರ ತಲೆಯ ಮೇಲೆ, ಸೂರ್ಯನಿಗೆ ಅಡ್ಡವಾಗಿ, ಕಪ್ಪಗೆ, ದಾರ ಬಿಚ್ಚಿಕೊಂಡು, ಒಂದು ಬೂಟು ಮೇಲೆ ಹೋಗುತ್ತಿದೆ. ಎಂಥಾ ಹುಚ್ಚ ಇವನು ಅಂದುಕೊಂಡ. ಅಷ್ಟರಲ್ಲಿ ನಗು ಶುರುವಾಯಿತು, ಮೊದಲು ಅವರ ಕಡೆಯ ಜನ, ಆಮೇಲೆ ನಮ್ಮವರೂ ತಲೆ ಚಚ್ಚಿಕೊಂಡು ನಕ್ಕರು, ಚೆಂಡು ಒಳಗೆ ಹೋಗಿರಲೇ ಇಲ್ಲ, ಒಂದನ್ನು ಇಳಿಸುವ ಅವಸರದಲ್ಲಿ ತಗಡು ಕಾಲ ಮೇಲೆ ಬಿತ್ತು, ಹೆಬ್ಬೆರಳಿನ ಉಗುರು ಇವತ್ತಿಗೂ ಕಪ್ಪು. ಆವತ್ತಿನಿಂದ ಊರಿಗೆಲ್ಲ ಅವನು ಆತುರಣ್ಣ. ಆವತ್ತಿನಿಂದಲೇ ಈ ಗಂಟೆಯ ಕಟ್ಟಳೆ, ಆಫೀಸಿನಿಂದ ತಂತಿ ಎಳೆದು ತಲೆಯ ಮೇಲೆ ಕಟ್ಟಿದ್ದಾರೆ, ಒಂದು ಸಲ ಬಾರಿಸಿದರೆ ನಮ್ಮವರ ಗೋಲು, ಎರಡು ಸಲ ಅವರದು, ಗಂಟೆ ಆಗದೆ ತಗಡು ಮುಟ್ಟುವ ಹಾಗಿಲ್ಲ. ಆಟ ಮುಗಿದ ಮೇಲೆ ಹಿಂದಿನ ಬಾಗಿಲು ದಬದಬ, ತೆಗೆದರೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬಳು ಹುಡುಗಿ, ರೀ ಬೋರ್ಡಿನವರೇ, ನಮ್ಮಪ್ಪನ ಬೂಟು ಕೊಡಿ. ಯಾವ ಬೂಟು, ನನ್ನ ಹತ್ರ ಎಲ್ಲಿದೆ. ನೀವು ಸುಳ್ಳು ನಂಬರ್ ಹಾಕಿದ್ದಕ್ಕೆ ತಾನೇ ಅವರು ಎಸೆದಿದ್ದು, ಹೊಸಾ ಬೂಟು, ನಿನ್ನೆ ತಂದಿದ್ದು, ಅಪ್ಪ ಅಲ್ಲಿ ಒಂದು ಕಾಲಲ್ಲಿ ನಿಂತಿದಾರೆ, ಹುಡುಕಿ ಕೊಡಿ. ಬೆಂಚುಗಳ ಕೆಳಗೆ ಇಬ್ಬರೂ ಮಂಡಿಯೂರಿ ಹುಡುಕಿದರು, ಸಿಕ್ಕಲಿಲ್ಲ, ಮರುದಿನವೂ ಬಂದಳು, ಅದರ ಮರುದಿನವೂ, ಮೂರನೇ ದಿನಕ್ಕೆ ಇಬ್ಬರಿಗೂ ಗೊತ್ತಿತ್ತು ಹುಡುಕುತ್ತಿರುವುದು ಬೂಟನ್ನಲ್ಲ ಅಂತ.

ಟಣ್ ಟಣ್. ಎರಡು. ಅಯ್ಯೋ, ಯಾವಾಗ ಆಯಿತು, ಕಣ್ಣ ಮುಂದೆಯೇ ಆಗಿದೆ, ಅವನು ನೋಡಿಯೂ ನೋಡಲಿಲ್ಲ, ಅವರ ಉದ್ದಕಾಲಿನವನು ಮೂಲೆಯಿಂದ ಬಂದ ಚೆಂಡಿಗೆ ತಲೆ ಕೊಟ್ಟ, ಅಷ್ಟೆ, ಗ್ಯಾಲರಿಯ ಉಸಿರೇ ನಿಂತಹಾಗೆ, ಎಡಗೈಯ ಒಂದನ್ನು ಎತ್ತಿ ಕೊಕ್ಕೆಗೆ ಹಾಕಬೇಕು, ಶತ್ರುವಿನ ಒಂದು ಕೂಡ ಅವನದೇ ಕೈಬರಹ, ಅಷ್ಟೇ ನೇರ, ಅಷ್ಟೇ ಚೆಂದ, ಇದೇ ಹೊಟ್ಟೆ ಉರಿಯುವ ವಿಷಯ, ಮೊಣಕಾಲ ಮೇಲಿನ ಚೌಕ ಆರಿಹೋಯಿತು. ಬೆಳಿಗ್ಗೆ ಮಾವ ಬೀರುವಿನಿಂದ ಆ ಒಂಟಿ ಬೂಟನ್ನು ತೆಗೆದು ಪಾಲಿಶ್ ಹಾಕುತ್ತಾ ಕೂತಿದ್ದರು, ಇಪ್ಪತ್ತಾರು ವರ್ಷದಲ್ಲಿ ಅದಕ್ಕೆ ಪಾಲಿಶ್ ತಪ್ಪಿಲ್ಲ, ಅಪ್ಪಾ ಅದನ್ನ ಯಾಕಪ್ಪಾ ಅಂತ ಹೆಂಡತಿ, ಇದೂ ಪಾಪ ಒಂಟಿಯಾಗಿ ಎಷ್ಟು ದಿನ ಇರತ್ತೆ, ಮೇಲಿನ ದರ್ಜೆಗೆ ಹೋದ ದಿನ ಇದನ್ನೂ ಎಸೀತೀನಿ ಅಂದಿದ್ದೆನಲ್ಲ, ಹೋಗಿ ಜೊತೆ ಸೇರ್ಕೊಳ್ಳಲಿ. ನಿಮಗೆ ಚೆಂಡೇ ಕಾಣಲ್ಲವಲ್ಲ ಮಾವ. ಕಾಣಲ್ಲ, ಎರಡು ಕಣ್ಣಿಗೂ ಪೊರೆ, ಆಟಗಾರರೂ ಕಾಣಲ್ಲ, ಹಳದಿ ಹಳದಿ ಏನೋ ಓಡಾಡತ್ತೆ, ನಿಮ್ಮ ನಂಬರ್ ಮಾತ್ರ ಕಾಣತ್ತೆ ಅಳಿಯಂದ್ರೇ, ಅಷ್ಟು ದಪ್ಪ ಬರೆದಿದೀರಲ್ಲ, ನಾನು ಅದನ್ನೇ ನೋಡ್ತಾ ಕೂತಿರ್ತೀನಿ. ಪಕ್ಕದವರು ಕೂಗಿದರೆ ಎದ್ದೇಳಲ್ಲವಾ. ಪಕ್ಕದವರನ್ನ ಯಾರು ನಂಬ್ತಾರೆ, ಒಂದು ಸಲ ತಪ್ಪು ಲೆಕ್ಕ ಮಾಡಿ ಬೈಸಿಕೊಂಡ ಹುಡುಗ ಮತ್ತೆ ತಪ್ಪು ಮಾಡಲ್ಲ, ಅದು ನನ್ನ ಅನುಭವ. ಹೊರಡುವಾಗ ಹೆಂಡತಿ ಅವನ ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಬಂದು, ರೀ, ನಮ್ಮೋರು ಗೆಲ್ದೇ ಇದ್ರೆ ಚೀಲ ವಾಪಸ್ ಹೊತ್ಕೊಂಡು ಬರೋದು ನಾನು, ಆ ಭಾರ ನನ್ನ ಕೈಲಿ ಆಗಲ್ಲ ಅಂದಳು, ಒಂದು ಬೂಟಿನ ಭಾರ ಎಷ್ಟಿದ್ದೀತು.

ಟಣ್ — ಒಂದೇ, ಒಂದೇ ಸಲ! ಹತ್ತನೇ ನಂಬರಿನ ಹುಡುಗ ಮೂರು ಜನರ ನಡುವೆ ನುಸುಳಿದ್ದು ಕಂಡಿತು, ಬಲೆ ಉಬ್ಬಿದ್ದು ಕಂಡಿತು, ಅಪ್ಪಟ ಗೋಲು, ಖುಷಿಯಲ್ಲಿ ಕಣ್ಣು ತುಂಬಿತು, ಆ ಖುಷಿಯಲ್ಲೇ ಬಲಗೈಯ ಕಿಟಕಿಯನ್ನು ತನ್ನ ಕೈಯಾರೆ ಮುಚ್ಚಬೇಕಾಯಿತು, ಒಂದು ಒಂದು, ಎರಡು ಚೌಕವೂ ಹೋದವು. ಕತ್ತಲೆ. ತಗಡಿನ ಬಿಸಿ ವಾಸನೆ, ಟರ್ಪೆಂಟೈನ್ ವಾಸನೆ, ಹಲಗೆಯೊಳಗೆ ಎಲ್ಲೋ ಗೆದ್ದಲು ಕೆರೆಯುವ ಸದ್ದು. ಈಗ ಕಿವಿಯೇ ಗತಿ, ಇಷ್ಟು ವರ್ಷದಲ್ಲಿ ಅವನಿಗೆ ಜನರ ಸದ್ದೆಲ್ಲ ಅಕ್ಷರದಷ್ಟು ಸಲೀಸು, ಊ ಎಂದು ಇಳಿದರೆ ಪಾಸು ತಪ್ಪಿತು, ಏಏ ಎಂದು ಎಳೆದರೆ ರೆಫ್ರಿಗೆ ಬೈಗುಳ, ಒಟ್ಟಿಗೆ ಉಸಿರೆಳೆದುಕೊಂಡರೆ ಚೆಂಡು ಗೋಲಿನ ಹತ್ತಿರ, ಸಾವಿರ ಜನ ಒಂದೇ ಮೂಗಿನಿಂದ ಉಸಿರಾಡುವ ಹಾಗೆ, ಕತ್ತಲಲ್ಲಿ ಕೂತರೆ ಅವರೆಲ್ಲ ಹೊರಗಿಲ್ಲ, ತನ್ನೊಳಗೇ ಇದ್ದಾರೆ ಅನ್ನಿಸುತ್ತದೆ, ಮೂರನೇ ಸಾಲು ತನ್ನ ಪಕ್ಕೆಲುಬಿನಲ್ಲಿ, ಮಾವ ಎದೆಯ ಹತ್ತಿರ ಎಲ್ಲೋ. ಎಷ್ಟು ಹೊತ್ತಾಯಿತು, ಇನ್ನು ಐದು ನಿಮಿಷ ಇದ್ದೀತು, ಮೂರು ಇದ್ದೀತು. ಎರಡರ ತಗಡು ತೊಡೆಯ ಮೇಲೆ ಬಂದು ಕೂತಿದೆ, ಯಾವಾಗ ಎತ್ತಿಕೊಂಡನೋ ನೆನಪಿಲ್ಲ, ಬೆರಳು ಅದರ ಬಾಗಿದ ಕೊರಳನ್ನು ಸವರುತ್ತಿದೆ. ಹಾಕಿಬಿಡಲೇ, ಒಂದು ಗಳಿಗೆ, ಮಾವನ ಸಲುವಾಗಿ, ಅವರು ನೋಡುವುದು ಈ ತಗಡನ್ನು ತಾನೇ, ಎಸೆದುಬಿಡಲಿ, ಖುಷಿಯಾಗಿ ಮನೆಗೆ ಹೋಗಲಿ, ಊರು ಬೈದರೆ ಬೈಯಲಿ, ಇರುವ ಹೆಸರೇ ಆತುರಣ್ಣ, ಹೊಸದಾಗಿ ಹೋಗುವ ಮಾನ ಏನಿದೆ — ಇಲ್ಲ, ಛೆ, ಅವರು ನಂಬಿರುವುದು ಇಡೀ ಮೈದಾನದಲ್ಲಿ ಇದೊಂದನ್ನೇ, ಸುಳ್ಳು ಗೋಲಿಗೆ ಒಂದು ಬೂಟು ಹೋಗಿದೆ, ಎರಡನೆಯದೂ ಸುಳ್ಳಿಗೇ ಹೋಗಬೇಕೇ, ಎರಡರ ತಗಡನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಕೆಳಗಿಟ್ಟ. ಸೂರ್ಯನಿಗೆ ಅಡ್ಡವಾಗಿ ಕಪ್ಪಗೆ ಒಂದು ಬೂಟು, ಇಪ್ಪತ್ತಾರು ವರ್ಷದಿಂದ ಅವನು ಕಣ್ಣು ಮುಚ್ಚಿದರೆ ಅದು ಮೇಲೆ ಹೋಗುತ್ತದೆ, ಕೆಳಗೆ ಬಂದದ್ದನ್ನು ಅವನು ನೋಡಿಲ್ಲ.

ಉಸಿರೆಳೆದುಕೊಂಡರು. ಎಲ್ಲರೂ. ಬಿಡಲಿಲ್ಲ, ಇನ್ನೂ ಬಿಡಲಿಲ್ಲ, ಇಷ್ಟು ಹೊತ್ತು ಯಾರೂ ಉಸಿರು ಹಿಡಿಯುವುದಿಲ್ಲ, ಆಮೇಲೆ ಗೂಡಿನ ಹಲಗೆಗಳೆಲ್ಲ ಅದುರಿದವು, ತಗಡುಗಳು ಒಂದಕ್ಕೊಂದು ತಗುಲಿ ಗಲಗಲ ಅಂದವು, ಆದರೆ ಕೈ ಏಳುತ್ತಿಲ್ಲ, ಗಂಟೆ ಎಲ್ಲಿ, ಕಂಬವೂ ಹೀಗೇ ಕೂಗಿಸಿತ್ತು, ಬಲೆಯೂ ಹೀಗೇ ಅಲ್ಲಾಡಿತ್ತು, ಗಂಟೆ ಎಲ್ಲಿ, ಆಫೀಸಿನ ಗುಮಾಸ್ತ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿರಬೇಕು ದರಿದ್ರದವನು, ಬಾರಿಸೋ ಮಾರಾಯ, ಹೊರಗೆ ಜನ ಬೋರ್ಡಿನ ಕಡೆ ತಿರುಗಿ ಆತುರಣ್ಣಾ ಹಾಕೋ, ಹಾಕೋ, ಯಾಕೋ ಇಷ್ಟು ನಿಧಾನ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನನ್ನು ನಿಧಾನ ಅನ್ನುತ್ತಿದ್ದಾರೆ — ಟಣ್. ಒಂದು. ಕಾದ. ಇನ್ನೊಂದು ಬರಲಿಲ್ಲ, ಒಂದೇ, ನಮ್ಮವರದೇ, ಒಂದನ್ನು ಇಳಿಸಿ ಎರಡನ್ನು ಕೊಕ್ಕೆಗೆ ಹಾಕಿದ, ಕೊಕ್ಕೆ ಕಚ್ಚಿತು, ಹಿಂದೆಯೇ ಉದ್ದನೆಯ ಸೀಟಿ, ಮುಗಿದೇಹೋಯಿತು, ಎರಡು ಒಂದು, ಮೇಲಿನ ದರ್ಜೆ, ಕತ್ತಲಲ್ಲಿ ನಿಂತು ಅವನು ಜೋರಾಗಿ ಅತ್ತ, ಯಾರಿಗೂ ಕೇಳಿಸುವ ಹಾಗಿರಲಿಲ್ಲ. ಈಗ ಮಾವ ಎರಡನ್ನು ನೋಡುತ್ತಿದ್ದಾರೆ. ಈಗ ಪಕ್ಕದವರನ್ನು ನಂಬದೆ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡುತ್ತಾರೆ. ಈಗ ಚೀಲದ ದಾರ ಬಿಚ್ಚುತ್ತಾರೆ, ಗಂಟು ಬಿಗಿಯಾಗಿದ್ದರೆ ಹೆಂಡತಿ ಹಲ್ಲಿನಿಂದ ಬಿಚ್ಚಿಕೊಡುತ್ತಾಳೆ, ಮತ್ತು ತಾನು ಇಲ್ಲಿ ಎರಡು ತಗಡಿನ ಹಿಂದೆ, ಎರಡರದು ಒಂದು, ಒಂದರದು ಒಂದು, ಏನೂ ಕಾಣದೆ — ಗಂಟೆ ಆಗಲಿಲ್ಲ, ಯಾರೂ ಹೇಳಲಿಲ್ಲ, ಎಡಗೈ ತಾನಾಗಿ ಮೇಲೆ ಹೋಗಿ ಅವರ ಒಂದನ್ನು ಕೊಕ್ಕೆಯಿಂದ ತೆಗೆಯಿತು. ಬೆಳಕಿನ ಚೌಕ ಮುಖಕ್ಕೆ ಬಡಿಯಿತು. ಹೊರಗೆ ಎರಡು ಸೊನ್ನೆ, ಜನ ಹೋ ಅಂದರು, ಲೋ ಆತುರಣ್ಣಾ ಅವರದ್ಯಾಕೋ ತೆಗ್ದೆ, ಮತ್ತೆ ಶುರು ಮಾಡಿದ್ಯಲ್ಲೋ, ನಗು, ಶಿಳ್ಳೆ, ನಗಲಿ, ಅವನು ತಗಡನ್ನು ಎದೆಗೊತ್ತಿ ಹಿಡಿದು ಸೊನ್ನೆಯೊಳಗೆ ತಲೆ ತೂರಿಸಿದ, ಮೂರನೇ ಸಾಲು, ಕಂಬದ ಪಕ್ಕ, ಹೆಂಡತಿಯ ಎರಡು ಕೈ ಮಾವನ ಸೊಂಟ ಬಳಸಿ ಹಿಡಿದಿವೆ, ಮಾವ ಬೆಂಚಿನ ಮೇಲೆ ನಿಂತಿದ್ದಾರೆ, ತೋಳು ಆಗಲೇ ಬೀಸಿ ಖಾಲಿಯಾಗಿದೆ, ಎಲ್ಲರ ತಲೆಯ ಮೇಲೆ, ಸೂರ್ಯನಿಗೆ ಅಡ್ಡವಾಗಿ, ಪಾಲಿಶ್ ಮಿಂಚಿಸುತ್ತಾ, ದಾರ ಬಿಚ್ಚಿಕೊಂಡು, ಬೂಟು, ಮೇಲೆ, ಇನ್ನೂ ಮೇಲೆ, ಬೂಟು